ಏಳನೇ ಸಾಲಿನ ನಡುವಿನ ಸೀಟು

"ಬಿಚ್ಚಿಡು ಆ ಸೀರಿ!"

ಸಾವಿತ್ರೆವ್ವ ಬಾಗಿಲ ಚೌಕಟ್ಟಿಗೆ ಕೈಯೂರಿ ನಿಂತಿದ್ದಳು. ದನಿ ಏರಿಸಿರಲಿಲ್ಲ. ಏರಿಸಿದ್ದರೆ ಅಂಗಳದಲ್ಲಿ ಬೂಟು ಒರೆಸುತ್ತಿದ್ದ ಮೊಮ್ಮಗಳ ಕಿವಿಗೆ ಬೀಳುತ್ತಿತ್ತು. ಸೊಸೆಯ ಎದೆಗೆ ನಾಟುವಂತೆ, ಪಕ್ಕದ ಕೋಣೆಗೂ ಕೇಳದಂತೆ ಮಾತಾಡುವ ಹದ ಹನ್ನೆರಡು ವರ್ಷಗಳಿಂದ ಆ ಮುದುಕಿಗೆ ಕೈಗೂಡಿತ್ತು.

ನೆರಿಗೆ ಹಿಡಿದಿದ್ದ ಸೊಸೆಯ ಬೆರಳುಗಳು ಅಲ್ಲೇ ನಿಂತವು. ಹಸಿರು ಇಳಕಲ್ ಸೀರೆ, ಕೆಂಪು ಸೆರಗು. ಇನ್ನೂ ಟ್ರಂಕಿನ ನುಸಿಗುಳಿಗೆಯ ವಾಸನೆ ಹೋಗಿರಲಿಲ್ಲ.

"ಶಿವಾನೀನ ತಗದು ಕೊಟ್ಟಾಳ್ರಿ ಅತ್ತಿ… 'ಸ್ಟೇಜಿನ ಮ್ಯಾಲ ಇದ್ರಾಗ ಛಂದ ಕಾಣತೀ ಅವ್ವಾ, ಇದನ್ನ ಉಟಗೊಂಡ ವಿಮಾನ ಹತ್ತು' ಅಂದ್ಲು. ಉಡೂದಿಲ್ಲ ಅಂದ್ರ ಯಾಕಂತ ಕೇಳತಾಳ. ಏನಂತ ಹೇಳ್ಲಿ?"

"ನಂದಲ್ಲ ಅನ್ನು. ಸತ್ತಾಕಿ ಸೀರಿ ಅನ್ನು. ನಿನ್ನ ಬಾಯಿಲೆ ಬರೂದಿಲ್ಲಂದ್ರ… ನಾ ಹೇಳ್ಲೇನ?"

ನಾ ಹೇಳ್ಲೇನ! ಆ ಮನೆಯಲ್ಲಿ ಬೈಗುಳ ಬೇಕಿರಲಿಲ್ಲ, ಹೊಡೆತ ಬೇಕಿರಲಿಲ್ಲ. ಈ ಒಂದು ಮಾತು ಸಾಕಿತ್ತು. ರೊಟ್ಟಿ ದಪ್ಪಗಾದರೆ, ನಾ ಹೇಳ್ಲೇನ. ತವರಿಗೆ ಎರಡು ದಿನ ಹೋಗಿ ಬರುತ್ತೇನೆಂದರೆ, ನಾ ಹೇಳ್ಲೇನ. ಸೊಸೆ ಸೀರೆ ಬಿಚ್ಚಿ, ಮಡಿಚಿ, ಅತ್ತೆಯ ಕೈಗೆ ಕೊಟ್ಟಳು. ತನ್ನದೇ ಒಂದು ನೀಲಿ ಸೀರೆ ಉಟ್ಟುಕೊಂಡಳು.

ಒಳಗೆ ಬಂದ ಶಿವಾನಿ ಮುಖ ಊದಿಸಿದಳು. "ಅಯ್ಯ, ಯಾಕ ಬಿಚ್ಚಿದಿ ಅವ್ವಾ? ಎಷ್ಟ ಛಂದಿತ್ತು!"

"ಜಂಪರ ಹೊಂದಲಿಲ್ಲವಾ ಅದಕ್ಕ," ಎಂದಳು ಅಜ್ಜಿ, ಹುಡುಗಿಯ ಬಾಯಲ್ಲಿ 'ಆಯಿ', ಸೀರೆಯನ್ನು ಮಗುವಿನಂತೆ ಎದೆಗವಚಿಕೊಂಡು. ಮೊಮ್ಮಗಳ ಮುಂದೆ ಆಕೆಯ ನಗು ಬೆಲ್ಲದಚ್ಚು!

ಈ ಸೊಸೆಯ ಹೆಸರು ಹೇಳಹೊರಟರೆ ಅದೇ ಒಂದು ಕಥೆ. ಗಂಡ, ಅತ್ತೆ, ಓಣಿಯವರು, ಶಾಲೆಯವರು, ಎಲ್ಲರಿಗೂ ಆಕೆ ಮಧು. ಆದರೆ ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ ಆಕೆಯನ್ನು ತೊಟ್ಟಿಲಿಗೆ ಹಾಕಿದಾಗ ಅವ್ವ ಕಿವಿಯಲ್ಲಿ ಕರೆದ ಹೆಸರು ತಂಗೆವ್ವ. ಇಪ್ಪತ್ತೊಂದು ವರ್ಷ ಆಕೆ ತಂಗೆವ್ವನೇ ಆಗಿದ್ದಳು. ಮುರಗೋಡದಲ್ಲಿ ನಾಲ್ಕು ಮಂದಿಯ ಮುಂದೆ ಕಲ್ಮೇಶನ ಎರಡನೆಯ ಹೆಂಡತಿಯಾಗಿ ತಾಳಿ ಕಟ್ಟಿಸಿಕೊಂಡ ದಿನ, ಈ ಸೀಮೆಯ ಪದ್ಧತಿಯಂತೆ, ತಟ್ಟೆ ತುಂಬ ಅಕ್ಕಿ ಹರವಿ ಉಂಗುರದಿಂದ ಸೊಸೆಯ ಹೊಸ ಹೆಸರು ಬರೆಯಬೇಕಾಯಿತು. ಗಂಡನ ಮನೆಯವರು ಹೆಣ್ಣಿಗೆ ಹೊಸ ಹೆಸರಿಡುವುದು ಅಲ್ಲಿ ಹೊಸತೇನಲ್ಲ. ಪಾರ್ವತಿ ಬಂದು ಪ್ರಿಯಾ ಆಗುತ್ತಾಳೆ, ಬಸವ್ವ ಬಂದು ಭಾಗ್ಯಾ ಆಗುತ್ತಾಳೆ. ಆದರೆ ಅಂದು ಮಗನ ಕೈ ಹಿಡಿದು ಸಾವಿತ್ರೆವ್ವ ಬರೆಸಿದ್ದು "ಮಧು" ಎಂದು. ಹಿಂದಿನ ವರ್ಷವಷ್ಟೇ ಕಾಮಾಲೆಯಾಗಿ ಸತ್ತ ಮೊದಲ ಸೊಸೆಯ ಹೆಸರು! ಸಾವಿತ್ರೆವ್ವನ ಸ್ವಂತ ಅಣ್ಣನ ಮಗಳ ಹೆಸರು!

"ಕೂಸಿನ ಕಾಗದಪತ್ರದಾಗ ತಾಯಿ ಹೆಸರ ಬದಲಾಗಬಾರದು. ನನ್ನ ಮಧುನ ಹೆಸರ ಈ ಮನ್ಯಾಗ ಅಳಿಬಾರದು," ಎಂದಿದ್ದಳು ಆಕೆ. ತಂಗೆವ್ವ ತಲೆ ತಗ್ಗಿಸಿ ಒಪ್ಪಿದ್ದಳು. ತೊಡೆಯ ಮೇಲೆ ಆಗಲೇ ಹೆಣ್ಣು ಕೂಸನ್ನು ತಂದು ಕೂರಿಸಿದ್ದರಲ್ಲ… ಅದು ಇವಳ ಹೊಸ ಬಳೆಗಳನ್ನು ಹಿಡಿದು ಜಗ್ಗುತ್ತಿತ್ತು. ಆ ಜಗ್ಗುವಿಕೆಯಲ್ಲೇ ಹೆಸರು, ತವರು, ಎಲ್ಲ ಹೋಯಿತು.

ಕೂಸಿಗೆ ಏನೂ ಗೊತ್ತಾಗಬಾರದೆಂದು ಕಲ್ಮೇಶ ಸಂಸಾರವನ್ನೇ ಮುರಗೋಡದಿಂದ ಎತ್ತಿ ಎಂ.ಕೆ. ಹುಬ್ಬಳ್ಳಿಗೆ ತಂದ. ಎರಡು ಟ್ರ್ಯಾಕ್ಟರ್ ಇಟ್ಟು ಕಾರ್ಖಾನೆಗೆ ಕಬ್ಬು ಸಾಗಿಸತೊಡಗಿದ. ಹೊಸ ಊರಿಗೆ ಗೊತ್ತಿದ್ದುದು ಒಬ್ಬಳೇ ಮಧು. ಎರಡನೇ ವರ್ಷ ತಂಗೆವ್ವನ ಹೊಟ್ಟೆಯಲ್ಲೊಂದು ಜೀವ ಮೂಡಿತು. "ನನ್ನ ಮಧುನ ಕೂಸಿಗೆ ಪಾಲು ಬೇಡಾಕ ಯಾರೂ ಬರೂದ ಬ್ಯಾಡ," ಎಂದು ಅತ್ತೆಯೇ ಪರಊರಿನ ದವಾಖಾನೆಗೆ ಕರೆದೊಯ್ದು ತೆಗೆಸಿಕೊಂಡು ಬಂದಳು. ಆಮೇಲೆ ಒಡಲು ತುಂಬಲೇ ಇಲ್ಲ. ಅಂದು ಬೆನ್ನು ಮಾಡಿ ಮಲಗಿ ಬಿಕ್ಕುತ್ತಿದ್ದವಳ ಕುತ್ತಿಗೆಗೆ ಶಿವಾನಿ ಹಿಂದಿನಿಂದ ಜೋತುಬಿದ್ದು, "ಅವ್ವಾ, ಹಸಿವು" ಎಂದಿತ್ತು. ತಂಗೆವ್ವ ಎದ್ದು ಅನ್ನ ಕಲಸಿದ್ದಳು. ಅಷ್ಟೇ. ಅದರ ಮೇಲೆ ಆಕೆಗೆ ಈ ಲೋಕದಲ್ಲಿ ಉಳಿದುದು ಒಂದೇ ಒಂದು. ಆ ಹುಡುಗಿಯ ಬಾಯಿಂದ ಬರುವ "ಅವ್ವಾ."

ಈಗ ಶಿವಾನಿ ಎಂಟನೇ ತರಗತಿ. ಕಬ್ಬಿನ ರವದಿಯನ್ನು, ಅಂದರೆ ಹೊಲದಲ್ಲಿ ಸುಮ್ಮನೆ ಸುಡುವ ಒಣ ಎಲೆಯನ್ನು, ಕುಟ್ಟಿ ಅಂಟು ಬೆರೆಸಿ ಸಸಿ ಬೆಳೆಸುವ ಕುಂಡ ಮಾಡಿದ್ದಳು. ಕುಟ್ಟಿದವಳು ತಂಗೆವ್ವ, ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯುವ ತನಕ. ಬೆಂಗಳೂರಿನ ಒಂದು ಸಂಸ್ಥೆ ಆ ಕುಂಡಕ್ಕೆ ರಾಜ್ಯಮಟ್ಟದ ಬಹುಮಾನ ಕೊಟ್ಟಿತು. ಹುಡುಗಿಗೂ ತಂದೆ ತಾಯಿಗೂ ಬೆಳಗಾವಿಯಿಂದ ಸಂಜೆಯ ವಿಮಾನದ ಟಿಕೆಟ್ಟನ್ನೂ ಅವರೇ ಕಳಿಸಿದರು. ಹೆಸರುಗಳನ್ನು ಶಾಲೆಯ ದಾಖಲೆಯಿಂದ ತೆಗೆದುಕೊಂಡಿದ್ದರು.

ಕಲ್ಮೇಶ ಫೋನಿನಲ್ಲಿ ನೋಡಿ ಗಟ್ಟಿಯಾಗಿ ಓದಿದ್ದ. "ಶಿವಾನಿ, ಕಿಡಕಿ ಬಾಜೂ. ಮಧು, ನಡುವ. ನಾ ಈ ಕಡೆ. ಏಳನೇ ಸಾಲು!" ಹುಡುಗಿ ಕುಣಿದಳು. ತಂಗೆವ್ವ ನಕ್ಕಳು. ತಂದೆಗಾಗಲಿ, ತಂಗೆವ್ವನಿಗಾಗಲಿ ಆ ಹೆಸರಿನಲ್ಲಿ ಏನೂ ಐಬು ಕಾಣಲಿಲ್ಲ. ಹನ್ನೆರಡು ವರ್ಷ ಕರೆದೂ ಕರೆದೂ, ಓಗೊಟ್ಟೂ ಓಗೊಟ್ಟೂ ಅದು ಆಕೆಯದೇ ಆಗಿಬಿಟ್ಟಿತ್ತು. ಆಧಾರ್ ಕಾರ್ಡಿನಲ್ಲಿ ಮಾತ್ರ ಸುರೇಬಾನದ ತಂಗೆವ್ವ ಹಾಗೆಯೇ ಕೂತಿದ್ದಾಳೆಂಬುದು ಇಬ್ಬರಿಗೂ ಹೊಳೆಯಲೇ ಇಲ್ಲ.

ಹೊಳೆದದ್ದು ಸಾವಿತ್ರೆವ್ವನಿಗೆ. ಮಧು ಸತ್ತಿದ್ದಾಳೆಂಬುದನ್ನು ಮರೆಯದೆ ಉಳಿದವಳು ಆ ಮನೆಯಲ್ಲಿ ಆಕೆಯೊಬ್ಬಳೇ. ಆಕೆ ಏನೂ ಅನ್ನಲಿಲ್ಲ. ಎದ್ದು ಒಳಗೆ ಹೋಗಿ ತನ್ನ ಸಂದೂಕ ತೆರೆದಳು. ಅಷ್ಟೇ.

* * *

ಹೊರಡುವ ದಿನ ಬೊಲೆರೋದಲ್ಲಿ ಸಾವಿತ್ರೆವ್ವನೂ ಹತ್ತಿದಳು. "ವಿಮಾನ ಹೆಂಗ ಏಳತೈತಿ ನಾನೂ ನೋಡತೇನಿ." ಗಾಡಿ ಹೊಡೆಯಲು ಓಣಿಯ ಯಮನಪ್ಪ ಬಂದಿದ್ದ. ಬಾಯಿಗೆ ಬಿಡುವಿಲ್ಲದ ಮನುಷ್ಯ. ತಂಗೆವ್ವನ ಕಡೆ ತಿರುಗಿದ.

"ವೈನೀ, ಮ್ಯಾಲ ಹ್ವಾದಮ್ಯಾಲ ನಮ್ಮ ಓಣಿ ಕಂಡ್ರ ಒಂದ ಕೈ ಬೀಸ್ರಿ. ನನ್ನ ಹೆಂಡತಿ ಮಾಳಿಗಿ ಮ್ಯಾಲ ಶಾವಗಿ ಒಣಾಕಿರತಾಳ."

"ಕಾಕಾ, ವಿಮಾನ ಆ ಕಡೆ ಹೋಗೂದಿಲ್ಲ!" ಎಂದು ಶಿವಾನಿ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ತಂಗೆವ್ವನ ತೋಳಿಗೆ ತಲೆ ಕೊಟ್ಟಳು. "ಅವ್ವಾ, ನಿನಗ ಅಂಜಿಕಿ ಬಂದ್ರ ನನ್ನ ಕೈ ಹಿಡಕೊ. ಕಿಡಕಿ ಬೇಕಂದ್ರ ಕಿಡಕೀನೂ ಕೊಡತೇನಿ."

ಮುಂದಿನ ಸೀಟಿನಲ್ಲಿ ಸಾವಿತ್ರೆವ್ವ ಕನ್ನಡಿಯೊಳಗಿಂದ ಆ ತಲೆ, ಆ ತೋಳು ನೋಡುತ್ತ ಎಲೆಗೆ ಸುಣ್ಣ ಸವರುತ್ತಿದ್ದಳು.

ಸಾಂಬ್ರಾ ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲಿನವನು ಕಲ್ಮೇಶನ ಕಾರ್ಡು ನೋಡಿದ, ಬಿಟ್ಟ. ಹುಡುಗಿಯ ಶಾಲೆಯ ಗುರುತಿನ ಚೀಟಿ ನೋಡಿದ, ಬಿಟ್ಟ. ತಂಗೆವ್ವನ ಕಾರ್ಡು ಹಿಡಿದು ಟಿಕೆಟ್ಟನ್ನು ನೋಡಿದ. ಮತ್ತೊಮ್ಮೆ ಕಾರ್ಡು ನೋಡಿದ.

"ಇದರಲ್ಲಿ ತಂಗೆವ್ವ ಅಂತ ಇದೆ. ಟಿಕೆಟ್ಟಲ್ಲಿ ಮಧು ಅಂತ ಇದೆ. ಮಧು ಯಾರು?"

ಕಲ್ಮೇಶ ಮುಂದೆ ಬಂದ. "ಅದ… ಲಗ್ನದಾಗ ಹೆಸರ ಬದಲಿ ಮಾಡೇವ್ರಿ ಸಾಹೇಬ್ರ. ನಮ್ಮ ಕಡೆ ಪದ್ಧತಿ ಐತ್ರಿ."

"ಇರಬಹುದು. ಕಾಗದ ಇದೆಯಾ? ಇಲ್ಲದಿದ್ರೆ ಬಿಡಕ್ಕಾಗಲ್ಲ. ಸ್ವಲ್ಪ ಪಕ್ಕಕ್ಕೆ ಬನ್ನಿ, ಹಿಂದಿನವರು ಬರಲಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನ ಕೆಲಸ ಅವನು ಮಾಡಿದ.

ಶಿವಾನಿ ತಂದೆಯ ಕೈ ಜಗ್ಗುತ್ತ "ಮಾಸ್ತರಿಗೆ ಫೋನ ಮಾಡೂಣ ಪಪ್ಪಾ" ಎನ್ನುತ್ತಿರುವಾಗ, ಸಾವಿತ್ರೆವ್ವ ಸೊಸೆಯ ಮೊಣಕೈ ಹಿಡಿದು ಕಬ್ಬಿಣದ ಕಟಾಂಜನದ ಕಡೆಗೆ ಎಳೆದೊಯ್ದಳು. ಸೊಂಟದ ಎಲೆಚಂಚಿಯ ಬಾಯಿ ಸ್ವಲ್ಪವೇ ಸಡಿಲಿಸಿದಳು. ಎಲೆ ಅಡಿಕೆಯ ನಡುವೆ ಫೋಟೋ ಇದ್ದ ಒಂದು ಹಳೆಯ ಓಟಿನ ಕಾರ್ಡಿನ ಅಂಚು.

"ಗುರುತ ಸಿಕ್ತೇನು? ಮಧುಂದು. ಖರೆ ಮಧುಂದು."

ತಂಗೆವ್ವ ಚಂಚಿಯ ಬಾಯಿಗೆ ಕೈ ಅಡ್ಡ ಹಿಡಿದಳು. "ಅತ್ತಿ… ಇದನ್ನ ಯಾಕ ತಂದ್ರಿ?"

"ನೀ ಹಿಂದಕ ಬಂದಿ ಅಂದ್ರ ಇದು ಚಂಚ್ಯಾಗ ಇರತೈತಿ. ವಿಮಾನ ಅಂದ್ರ ಅಂಜಿಕಿ ಆಗತೈತಿ, ನಾ ಒಲ್ಲೆ ಅನ್ನು. ಹುಡುಗಿ ಅಪ್ಪನ ಕೂಡ ಹೋಗಲಿ. ನಾಳಿ ಅಲ್ಲಿ ಮೈಕಿನ್ಯಾಗ 'ತಾಯಿ ಮಧು' ಅಂತ ಕರದಾಗ ನೀ ಎದ್ದ ನಿಂದರಬಾರದು. ನನ್ನ ಅಣ್ಣನ ಮಗಳ ಹೆಸರಿಗೆ ಚಪ್ಪಾಳಿ ಹೊಡೀತಾರ, ನೀ ಅದನ್ನ ಇಸಗೋಬಾರದು. ತಿಳೀತಿಲ್ಲೋ, ಸುರೇಬಾನದಾಕಿ?"

ಒಪ್ಪಂದ ದೊಡ್ಡದೇನಲ್ಲ ಎನ್ನಿಸಿತು ತಂಗೆವ್ವನಿಗೆ. ಒಂದು ಪ್ರಯಾಣ, ಒಂದು ಚಪ್ಪಾಳೆ. ಅದಕ್ಕೆ ಬದಲಾಗಿ ಜನ್ಮವಿಡೀ ಉಳಿಯುವ ಒಂದು "ಅವ್ವಾ." ಆಕೆ ಕಣ್ಣೊರೆಸಿಕೊಂಡು, ನಗುವನ್ನು ತುಟಿಗೆ ಅಂಟಿಸಿಕೊಂಡು ಮಗಳ ಹತ್ತಿರ ಬಂದಳು.

"ಶಿವೂ, ನೀನೂ ಪಪ್ಪಾನೂ ಹೋಗಿ ಬರ್ರವಾ. ನನಗ್ಯಾಕೋ ಎದಿ ಡವಡವ ಅನ್ನಾಕತ್ತೈತಿ. ಅಷ್ಟ ಎತ್ತರ… ಒಲ್ಲೆ ನಾ."

"ಸುಳ್ಳ ಹೇಳಬ್ಯಾಡ! ನಿನ್ನಿ ಎಲ್ಲಾರಿಗಿಂತ ಮದಲ ಬ್ಯಾಗ ತುಂಬಿದಾಕಿ ನೀ!"

"ಇಲ್ಲವಾ ನನ್ನ ಬಂಗಾರ… ಖರೇನ ಅಂಜಿಕಿ."

"ಹಂಗಾರ ನಾನೂ ಒಲ್ಲೆ!" ಶಿವಾನಿ ಬ್ಯಾಗನ್ನು ನೆಲಕ್ಕೆ ಬಿಟ್ಟು ಎರಡೂ ಕೈಯಿಂದ ತಂಗೆವ್ವನ ನಡು ತಬ್ಬಿಕೊಂಡಳು. ಸುತ್ತಲಿನ ಜನ ತಿರುಗಿ ನೋಡಿದರು. "ನಮ್ಮವ್ವ ಬರದಿದ್ರ ನನಗ ಬಹುಮಾನಾನೂ ಬ್ಯಾಡ, ವಿಮಾನಾನೂ ಬ್ಯಾಡ! ಕೈಯಾಗ ಬೊಬ್ಬಿ ಬಂದದ್ದ ನಿನಗ! ನಿನ್ನ ಬಿಟ್ಟ ನಾ ಎಲ್ಲೂ ಹೋಗೂದಿಲ್ಲ ಅವ್ವಾ!"

ಸಾವಿತ್ರೆವ್ವ ಒಪ್ಪಂದ ಮುರಿದದ್ದು ಆಗ. ಸೊಸೆ ತಪ್ಪಿದ್ದಕ್ಕಲ್ಲ. ಮಗು ಬಿಡದೆ ಹಿಡಿದುದಕ್ಕೆ.

"ಯಾರಿಗೆ 'ಅವ್ವಾ' ಅಂತೀ ನೀ?" ಮುದುಕಿಯ ದನಿ ಮೊಟ್ಟಮೊದಲ ಬಾರಿ ಏರಿತು. ಚಂಚಿಯಿಂದ ಕಾರ್ಡು ಕಿತ್ತು ಮೊಮ್ಮಗಳ ಕಣ್ಣ ಮುಂದೆ ಹಿಡಿದಳು. "ನೋಡ ಇಲ್ಲೆ! ಇಕಿ ಮಧು! ಇಕಿ ನಿನ್ನ ಹಡದಾಕಿ! ನನ್ನ ಅಣ್ಣನ ಮಗಳು… ಒಂಬತ್ತ ತಿಂಗಳ ಹೊತ್ತು, ಹತ್ತ ತಿಂಗಳ ಎದಿಹಾಲ ಕೊಟ್ಟು, ನಿನ್ನ ಬಾಯಿಲೆ ಒಮ್ಮಿ 'ಅವ್ವಾ' ಅನಿಸಿಕೊಳ್ಳದ ಹ್ವಾದ್ಲು! ಒಮ್ಮಿ ಸೈತ ಅನಿಸಿಕೊಳ್ಳಲಿಲ್ಲಾ! ಇಲ್ಲಿ ನಿಂತ ಈಕಿ? ಈಕಿ ಆಕಿ ಹೆಸರ ಹೊತಗೊಂಡ ಬಂದಾಕಿ! ಕೇಳ ನಿಮ್ಮಪ್ಪನ್ನ!"

"ಅವ್ವಾ, ಸಾಕ ಮಾಡ!" ಎಂದು ಕಲ್ಮೇಶ ಚೀರಿದ. ಆದರೆ ಸುಳ್ಳು ಎನ್ನಲಿಲ್ಲ.

ಶಿವಾನಿಯ ಕೈಗಳು ತಂಗೆವ್ವನ ನಡುವಿನಿಂದ ನಿಧಾನವಾಗಿ ಬಿಟ್ಟುಕೊಂಡವು. ಕಾರ್ಡು ತೆಗೆದುಕೊಂಡಳು. ಅಗಲ ಹಣೆ, ಸ್ವಲ್ಪ ಮೇಲೆ ಬಾಗಿದ ಮೂಗಿನ ತುದಿ… ದಿನಾ ಕನ್ನಡಿಯಲ್ಲಿ ಕಾಣುವುದೇ. ಅವಳು ಅಳಲಿಲ್ಲ. ತಂದೆಯನ್ನು ನೋಡಿದಳು, ತಂಗೆವ್ವನನ್ನು ನೋಡಿದಳು. ಕಾರ್ಡನ್ನು ಮುಷ್ಟಿಯಲ್ಲಿಟ್ಟು, ನೆಲದ ಮೇಲಿದ್ದ ಬ್ಯಾಗು ಎತ್ತಿಕೊಂಡು, ಒಬ್ಬಳೇ ಬಾಗಿಲ ಕಡೆ ನಡೆದಳು.

ಇತ್ತ ಸಾವಿತ್ರೆವ್ವ ಕಟಾಂಜನಕ್ಕೆ ಹಣೆಯಿಟ್ಟು ಅಳುತ್ತಿದ್ದಳು. ಗೆದ್ದವರ ಅಳು ಅಲ್ಲ ಅದು. ಹೆಣದ ಮುಂದೆ ಕೂತವರ ಅಳು, ಹದಿಮೂರು ವರ್ಷ ತಡವಾಗಿ.

"ನೀ ಮನಿಗೆ ಹೋಗು," ಎಂದ ಕಲ್ಮೇಶ ಹೆಂಡತಿಯ ಮುಖ ನೋಡದೆ. "ನಾ ಸಂಭಾಳಸತೇನಿ."

"ನಿಮಗ ಆಗೂದಿಲ್ರಿ." ತಂಗೆವ್ವ ಗಂಡನಿಗೆ ಎದುರಾಡಿದ್ದು ಹನ್ನೆರಡು ವರ್ಷದಲ್ಲಿ ಅದೊಂದೇ ಸಲ. "ಮುಂಜಾನಿಂದ ಆಕಿ ಹೊಟ್ಟ್ಯಾಗ ಒಂದ ತುತ್ತಿಲ್ಲ. ಇಂಥಾ ಮಾತ ಕೇಳಿ, ಖಾಲಿ ಹೊಟ್ಟಿಲೆ… ನನ್ನ ಹೆಸರಿನ್ಯಾಗ ಒಂದ ಟಿಕೆಟ್ ತಗೀರಿ. ಹಿಂದಿರಲಿ, ಮೂಲ್ಯಾಗಿರಲಿ. ನಾ ಏನೂ ಮಾತಾಡೂದಿಲ್ಲ."

ಹೊರಗೆ ಟಿಕೆಟ್ಟಿನ ಗಾಜಿನ ಕಿಂಡಿಯಲ್ಲಿ ಕೂತಿದ್ದ ಹುಡುಗಿ ಹೆಸರು ಕೇಳಿದಳು. ತಂಗೆವ್ವ ಹೇಳಿದಳು. ಎಷ್ಟೋ ವರ್ಷಗಳ ಮೇಲೆ ತನ್ನ ಹೆಸರನ್ನು ತಾನೇ ಬಾಯಿಬಿಟ್ಟು ಹೇಳಿದಾಗ, ಊರಲ್ಲಿ ಬಿಟ್ಟುಬಂದ ಯಾವುದೋ ಹುಡುಗಿಯನ್ನು ಕರೆದಂತಾಯಿತು.

* * *

ಇಪ್ಪತ್ತಾರನೇ ಸಾಲು. ಅದೂ ನಡುವಿನ ಸೀಟೇ. ಒಂದು ಕಡೆ ಹತ್ತಿದ ಕೂಡಲೇ ನಿದ್ದೆ ಹೋದ ಒಬ್ಬ ದಪ್ಪ ಮನುಷ್ಯ, ಇನ್ನೊಂದು ಕಡೆ ಕಿಟಕಿಗೆ ಸವದತ್ತಿಯ ಯಶೋಧಾ. ಮಗಳ ಬಾಣಂತನಕ್ಕೆ ಹೊರಟವಳು. ಆಕೆಯ ತೊಡೆಯ ಮೇಲೆ ಅಂಟಿನುಂಡಿಯ ಡಬ್ಬಿ.

"ಮೊಣಕಾಲ ಎಲ್ಲಿ ಇಡಬೇಕವಾ ಇಲ್ಲೆ? ಕಳಚಿ ಮ್ಯಾಲಿನ ಕಪಾಟಿನ್ಯಾಗ ಇಡಬೇಕೇನ?" ಎಂದಳು ಯಶೋಧಾ. "ನಮ್ಮ ಸವದತ್ತಿ ಬಸ್ಸೇ ಪಾಡು. ನಿಂತಾರ ಹೋಗಬಹುದು. ನಿಂದ ಮದಲನೇ ಸಲೇನ?"

"ಹೂನ್ರಿ."

"ಒಬ್ಬಾಕೀನ ಹೊಂಟಿ?"

"ಮುಂದ… ಮನಿಯವರ ಅದಾರ್ರಿ. ಹುಡುಗಿ ಐತಿ."

ವಿಮಾನ ಓಡಿತು, ನಡುಗಿತು, ನೆಲ ಬಿಟ್ಟಿತು. ಯಶೋಧಾ "ಎಲ್ಲಮ್ಮಾ!" ಎಂದು ತಂಗೆವ್ವನ ಮಣಿಕಟ್ಟು ಹಿಡಿದಳು. ಅಂಜಿದರೆ ಕೈ ಹಿಡಕೊ ಎಂದಿದ್ದವಳು ಹತ್ತೊಂಬತ್ತು ಸಾಲು ಮುಂದೆ ಇದ್ದಳು… ಸೀಟುಗಳ ಸಂದಿಯಲ್ಲಿ ಬರೀ ಒಂದು ಕೆಂಪು ರಿಬ್ಬನ್ನು ಕಾಣುತ್ತಿತ್ತು. ಕಿಟಕಿಯಲ್ಲಿ ಸೂರ್ಯ ಮುಳುಗುತ್ತಿದ್ದ. ಒಳಗಿನ ಮಂದಿಯ ಮುಖವೆಲ್ಲ ಅರಿಶಿನ ಹಚ್ಚಿದಂತೆ ಹಳದಿ.

ಬೆಲ್ಟಿನ ದೀಪ ಆರಿತು. ಯಶೋಧಾ ಕತ್ತು ಉದ್ದ ಮಾಡಿ ನೋಡಿದಳು. "ಅದ ಅಲ್ಲೇನ ನಿನ್ನ ಹುಡುಗಿ, ಕೆಂಪ ರಿಬ್ಬನ್ನ? ಅಯ್ಯ, ಆಕಿ ಬಾಜೂ ಸೀಟ ಖಾಲಿ ಐತಲ್ಲ! ಇಲ್ಯಾಕ ಸಂದಿನ್ಯಾಗ ಸಿಕ್ಕೊಂಡ ಕುಂತಿ, ಹೋಗ ಮಗಳ ಕಡೆ! ತಾಯಿ ಮಕ್ಕಳ ನಡುವ ನಾ ಯಾಕ!"

ಹೋಗಬಾರದಿತ್ತು. ಮಾತು ಕೊಟ್ಟಿದ್ದಳು. ಆದರೂ ಚಪಾತಿ, ಶೇಂಗಾ ಹಿಂಡಿಯ ಪೊಟ್ಟಣ ಕೈಯಲ್ಲಿತ್ತು. ಹೊಟ್ಟೆ ಹಸಿದ ಮಗುವಿಗೆ ಮಾತೇನು, ಹಟವೇನು! ತಂಗೆವ್ವ ಸೀಟಿನ ಬೆನ್ನುಗಳನ್ನು ಹಿಡಿದು ಹಿಡಿದು ಮುಂದೆ ನಡೆದಳು. ಒಳಗೊಂದು ಹುಚ್ಚು ಆಸೆ… ಸಿಟ್ಟು ಇಳಿದಿರುತ್ತದೆ. "ಅವ್ವಾ" ಎಂದು ತಿರುಗುತ್ತಾಳೆ. ಕೂಸಲ್ಲವೇ, ನಾನೇ ಎತ್ತಿ ಆಡಿಸಿದ ಕೂಸಲ್ಲವೇ…

ಏಳನೇ ಸಾಲು. ಕಲ್ಮೇಶ ಸರಿದು ದಾರಿ ಬಿಡಲು ಎದ್ದ. ತಂಗೆವ್ವ ಬಗ್ಗಿ ನೋಡಿದಳು. ನಡುವಿನ ಸೀಟಿನ ಮೇಲೆ ಆ ಕಾರ್ಡು ಇತ್ತು, ಮುಖ ಮೇಲೆ ಮಾಡಿ. ಅದರ ಮೇಲೆ ಸೀಟಿನ ಬೆಲ್ಟು ಕಟ್ಟಿತ್ತು. ಬಿಗಿಯಾಗಿ.

"ಅಲ್ಲಿ ಕೂಡಬ್ಯಾಡ್ರಿ," ಎಂದಳು ಶಿವಾನಿ, ಕಿಟಕಿಯಿಂದ ಮುಖ ತಿರುಗಿಸದೆ.

ಕೂಡಬ್ಯಾಡ್ರಿ! ತಂಗೆವ್ವನಿಗೆ ಕಾಲ ಕೆಳಗಿನ ವಿಮಾನವೇ ಜಾರಿದಂತಾಯಿತು.

"ಶಿವೂ… ಎರಡ ತುತ್ತ ತಿನ್ನವಾ. ತಿಂದ ಮ್ಯಾಲ ನಾ ಹೋಗತೇನಿ."

"ಅದು ನಮ್ಮವ್ವನ ಸೀಟು." ಈಗ ಹುಡುಗಿ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ. ಹದಿಮೂರು ವರ್ಷದ ಮುಖದ ಮೇಲೆ ಸಾವಿತ್ರೆವ್ವನ ಬಾಯಿ ಕೂತಿತ್ತು. "ಆಕಿ ಹೆಸರ ತಗೊಂಡ್ರಿ. ಪಪ್ಪಾನ್ನ ತಗೊಂಡ್ರಿ. ಮುಂಜಾನಿ ಆಯಿ ಆ ಸೀರಿ ಯಾಕ ಬಿಚ್ಚಿಸಿದ್ಲು ಅನ್ನೂದೂ ಈಗ ಗೊತ್ತಾತು. ಒಂದ ತಾಸು… ಒಂದ ತಾಸ ಆಕಿ ನನ್ನ ಬಾಜೂ ಕೂಡಲಿ ಬಿಡ್ರಿ. ಅದನ್ನೂ ನೀವ ತಗೋತೀರೇನು?"

ಹಿಂದಿನ ಸಾಲಿನಲ್ಲಿ ಯಾರೋ ಪತ್ರಿಕೆ ಮಡಿಚಿಟ್ಟರು.

"ನಿಮ್ಮ ಹೆಸರೇನ್ರಿ?" ಎಂದು ಕೇಳಿದಳು ಶಿವಾನಿ. "ಹನ್ನೆರಡ ವರ್ಷ ನನ್ನ ಜಡಿ ಹಾಕೀರಿ. ನಿಮ್ಮ ಹೆಸರ ಸೈತ ನನಗ ಗೊತ್ತಿಲ್ಲ."

"…ತಂಗೆವ್ವ."

"ಯಾಕ ಹೇಳಲಿಲ್ಲ ನನಗ? ಯಾರ ಬ್ಯಾಡಂದ್ರು? ಆಯಿ? ಪಪ್ಪಾ?"

ಕಲ್ಮೇಶ ಬಾಯಿ ತೆರೆದ. ತಂಗೆವ್ವ ಅವನನ್ನು ನೋಡಿದಳು. ಅಕ್ಕಿಯ ತಟ್ಟೆ, ಪರಊರಿನ ದವಾಖಾನೆ, ದಿನ ಬೆಳಗಾದರೆ "ನಾ ಹೇಳ್ಲೇನ"… ಎಲ್ಲ ನಾಲಿಗೆಯ ತುದಿಗೆ ಬಂದು ನಿಂತಿತು. ಒಂದು ಮಾತು ಸಾಕಿತ್ತು. ಈ ಹುಡುಗಿ ಅಪ್ಪನಿಂದಲೂ ಅಜ್ಜಿಯಿಂದಲೂ ಹೀಗೆಯೇ ಮುಖ ತಿರುಗಿಸುತ್ತಿದ್ದಳು. ಆಮೇಲೆ ಅವಳಿಗೆ ಯಾರು? ಒಂದೇ ಸಂಜೆ ಒಂದು ಮಗು ಎಷ್ಟು ಮಂದಿಯನ್ನು ಕಳೆದುಕೊಳ್ಳಬೇಕು?

"ನಾನ ಬ್ಯಾಡ ಅಂದಿದ್ದೆ," ಎಂದಳು ತಂಗೆವ್ವ. "ನಿಮ್ಮ ಪಪ್ಪಾ ಹೇಳೂಣ ಅಂದ್ರು. ಆಯೀನೂ ಅಂದ್ರು. ನಾನ… ನನ್ನ ಆಸೇಕ್ಕ ಬಿಡಲಿಲ್ಲ. ತಪ್ಪ ನಂದ."

ಕಲ್ಮೇಶ ಉಸಿರು ಬಿಟ್ಟ. ಆ ಉಸಿರಿನ ಹಗುರತನವನ್ನು ತಂಗೆವ್ವ ನೋಡಿದಳು. ಕುಸಿದಿದ್ದ ಅವನ ಹೆಗಲು ನೆಟ್ಟಗಾಯಿತು. ಅವನು "ಇಲ್ಲವಾ, ಹಂಗಲ್ಲ" ಎನ್ನಬಹುದಿತ್ತು. ಅನ್ನಲಿಲ್ಲ. ಹನ್ನೆರಡು ವರ್ಷ ಒಂದೇ ತಟ್ಟೆಯ ಅನ್ನ ಉಂಡ ಗಂಡ… ಅನ್ನಲಿಲ್ಲ!

"ನನಗ ಗೊತ್ತಿತ್ತು," ಎಂದು ಶಿವಾನಿ ಕಿಟಕಿಯ ಕಡೆ ತಿರುಗಿಬಿಟ್ಟಳು.

"ಅಮ್ಮ, ದಯವಿಟ್ಟು ನಿಮ್ಮ ಸೀಟಿಗೆ ಹೋಗಿ," ಎಂದು ನೀರಿನ ಬಂಡಿ ತಳ್ಳಿಕೊಂಡು ಬಂದ ಗಗನಸಖಿ ಮೆಲ್ಲಗೆ ಹೇಳಿದಳು. ತಂಗೆವ್ವ ಪೊಟ್ಟಣವನ್ನು ಗಂಡನ ಕೈಗಿಟ್ಟಳು. "ಪ್ಯಾಟ್ಯಾಗಿಂದು ಅನ್ರಿ. ನಾ ಮಾಡಿದ್ದು ಅಂದ್ರ ತಿನ್ನೂದಿಲ್ಲ."

ಹಿಂದಕ್ಕೆ ಬರುವಾಗ ಸಾಲುಗಳು ಮುಗಿಯಲೇ ಒಲ್ಲವು.

"ಯಾಕ ಬಂದಿ?" ಎಂದಳು ಯಶೋಧಾ.

"ಅಲ್ಲಿ ಬ್ಯಾರೇದವರ ಬಂದು ಕುಂತಾರ್ರಿ."

"ಖಾಲಿ ಕಾಣತೈತಲ್ಲ?"

"ಇಲ್ರಿ. ಕುಂತಾರ."

ಯಶೋಧಾ ಆಕೆಯ ಮುಖ ನೋಡಿದಳು. ಡಬ್ಬಿ ಬಿಚ್ಚಿ ಒಂದು ಅಂಟಿನುಂಡಿ ತೆಗೆದು ತಂಗೆವ್ವನ ಅಂಗೈಯಲ್ಲಿಟ್ಟಳು. "ತಿನ್ನವಾ. ಬಾಣಂತೀಗೆ ಮಾಡಿದ್ದು. ಮೈಯಾಗ ಕಸುವ ಬರತೈತಿ." ತಂಗೆವ್ವ ಉಂಡೆಯನ್ನು ಬಾಯಿಗೆ ಹಾಕಲಾರದೆ, ಕೆಳಗೆ ಇಡಲಾರದೆ ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತಳು.

ಕತ್ತಲಾಯಿತು. ವಿಮಾನ ಕೆಳಗಿಳಿಯತೊಡಗಿತು. ಕಿವಿ ಗುಂಯ್ ಎಂದು ಮುಚ್ಚಿಕೊಂಡವು. ತಂಗೆವ್ವನಿಗೆ ತನ್ನ ಕಿವಿಯ ನೋವು ನೆನಪಿಗೇ ಬರಲಿಲ್ಲ. ಶಿವಾನಿಯ ಎಡಗಿವಿ ಸಣ್ಣಂದಿನಿಂದಲೂ ಸೋರುತ್ತಿತ್ತು. ಎಷ್ಟು ಸಲ ಆ ಕಿವಿಗೆ ಬಿಸಿಬಟ್ಟೆ ಒತ್ತಿ ಬೆಳಗು ಮಾಡಿದ್ದಳೋ! ಅಷ್ಟರಲ್ಲಿ ಮುಂದಿನಿಂದ ಕೇಳಿಸಿತು.

"ಅವ್ವಾ!… ಅವ್ವಾ, ಕಿವೀ!"

ತಂಗೆವ್ವ ಬೆಲ್ಟು ಕಿತ್ತು ಎದ್ದೇಬಿಟ್ಟಳು. "ಕೂತ್ಕೊಳ್ಳಿ ಅಮ್ಮ, ಲ್ಯಾಂಡ್ ಆಗ್ತಿದೆ!" ಎಂದು ಹಿಂದಿನಿಂದ ಗಗನಸಖಿ ಕೂಗಿದಳು. ಯಶೋಧಾ ಸೆರಗು ಹಿಡಿದು ಎಳೆದು ಕೂರಿಸಿದಳು. ಮತ್ತೆ ಕರೆ ಬರಲಿಲ್ಲ. ಕರೆದದ್ದು ಯಾರನ್ನೋ… ಬೆಲ್ಟಿನ ಕೆಳಗಿನ ಆ ಮುಖವನ್ನೋ, ಇಪ್ಪತ್ತಾರನೇ ಸಾಲಿನ ಈ ಮುಖವನ್ನೋ. ಕೇಳುವ ಹಕ್ಕು ತನಗಿನ್ನೆಲ್ಲಿ? ಚಕ್ರ ನೆಲಕ್ಕೆ ಬಡಿದು ಮಂದಿಯೆಲ್ಲ ಮುಂದಕ್ಕೆ ಮುಗ್ಗರಿಸಿದಾಗ, ತಂಗೆವ್ವ ತನ್ನ ಎಡಗಿವಿಯನ್ನು ತಾನೇ ಅಂಗೈಯಿಂದ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದಳು.

* * *

ಹೊರಗೆ ಸಂಸ್ಥೆಯ ಚಾಲಕ ಚೀಟಿ ಹಿಡಿದು ಕಾಯುತ್ತಿದ್ದ. ನಗುಮುಖದ ಮನುಷ್ಯ.

"ಬನ್ನಿ ಬನ್ನಿ! ಶಿವಾನಿ ಪುಟ್ಟಿ ನೀನೇನಾ? ಕಂಗ್ರಾಟ್ಸ್ ಕಣಮ್ಮ! ಕಲ್ಮೇಶ್ ಸರ್, ನಮಸ್ಕಾರ." ಚೀಟಿ ನೋಡಿ ತಂಗೆವ್ವನ ಕಡೆ ತಿರುಗಿದ. "ಮೇಡಂ, ನೀವು ಮಧು ಅವರಲ್ವಾ? ತಾಯಿ?"

ಕಲ್ಮೇಶ ಪೆಟ್ಟಿಗೆಯ ಹಿಡಿಕೆ ಸರಿಮಾಡುವುದರಲ್ಲಿ ಮುಳುಗಿದ. ಶಿವಾನಿ ಮಾತ್ರ ತಲೆ ಎತ್ತಿದಳು. ವಿಮಾನ ಇಳಿದ ಮೇಲೆ ಮೊದಲ ಸಲ ನೇರವಾಗಿ ತಂಗೆವ್ವನ ಮುಖ ನೋಡಿದಳು. ಆ ನೋಟದಲ್ಲಿ ಕರುಣೆಯಿತ್ತೋ, ಪರೀಕ್ಷೆಯಿತ್ತೋ…

"ಅಲ್ರಿ," ಎಂದಳು ತಂಗೆವ್ವ. "ಆಕಿ… ಅವರು ಇಲ್ಲ. ನಾ ಹುಡುಗೀನ ನೋಡಿಕೊಳ್ಳಾಕ ಬಂದಾಕಿ."

"ಓ, ಹಾಗಾ? ಪರವಾಗಿಲ್ಲ, ರೂಮಲ್ಲಿ ಮೂರು ಮಂಚ ಇದೆ. ನೀವು ಹಿಂದೆ ಲಗೇಜ್ ಹತ್ರ ಕೂತ್ಕೊಳ್ಳಿ. ಸರ್, ನೀವು ಪುಟ್ಟಿ ಜೊತೆ ಮಧ್ಯೆ."

ಹುಡುಗಿ ಏನಾದರೂ ಅಂದಾಳೆಂದು ತಂಗೆವ್ವ ಒಂದು ಗಳಿಗೆ ಕಾದಳು. ಶಿವಾನಿ ಹೆಗಲಿನಿಂದ ಬ್ಯಾಗು ಕಳಚಿ ಆಕೆಯ ಕಡೆ ಚಾಚಿದಳು, ಮಾತಿಲ್ಲದೆ, ಕೆಲಸದವರಿಗೆ ಕೊಡುವಂತೆ. ತಂಗೆವ್ವ ಎರಡೂ ಕೈಯಿಂದ ಇಸಿದುಕೊಂಡಳು. ಪಟ್ಟಿಯಲ್ಲಿ ಇನ್ನೂ ಹೆಗಲಿನ ಬಿಸಿ ಇತ್ತು.

ಹಿಂದಿನ ಸೀಟಿನಲ್ಲಿ ಪೆಟ್ಟಿಗೆಗಳ ಸಂದಿಯಲ್ಲಿ, ಆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಆಕೆ ಕೂತಳು. ಗಾಡಿ ಹೊರಟಿತು. ಬೆಂಗಳೂರಿನ ದೀಪಗಳು ಒಂದೊಂದಾಗಿ ಮುಂದಿನ ಆ ಕೆಂಪು ರಿಬ್ಬನ್ನಿನ ಮೇಲೆ ಬಿದ್ದು ಬಿದ್ದು ಜಾರಿದವು. ಬಹಳ ಹೊತ್ತಿನ ಮೇಲೆ ರಿಬ್ಬನ್ನು ಅಲುಗಾಡಿತು. ತಿರುಗಲಿಲ್ಲ.

"ನಾಳಿ ಏಳಕ್ಕ ಜಡಿ ಹಾಕಬೇಕು ನೋಡ್ರಿ, ತಂಗೆವ್ವಾರ. ಎಂಟಕ್ಕ ಅಲ್ಲಿ ಇರಬೇಕಂತ."

ತಂಗೆವ್ವ ಬ್ಯಾಗನ್ನು ಎದೆಗೆ ಒತ್ತಿಕೊಂಡಳು.

"ಹಾಕತೇನ್ರಿ," ಎಂದಳು ಮಗಳಿಗೆ. "ಆರಕ್ಕ ಏಳತೇನ್ರಿ ನಾ."